ಸರ್ಟಿಫಿಕೇಟಿನ ಸಂಚಾರ

ದುಬೈನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗಿಂತ ನನ್ನ ಡಿಗ್ರಿ ಸರ್ಟಿಫಿಕೇಟೇ ಹೆಚ್ಚು ಊರು ಕಂಡಿದೆ. ಧಾರವಾಡದಲ್ಲಿ ಹುಟ್ಟಿ, ಬೆಂಗಳೂರಲ್ಲಿ ಸಿಕ್ಕಾ ಹೊಡೆಸಿಕೊಂಡು, ದಿಲ್ಲಿಯ ವಿದೇಶಾಂಗ ಖಾತೆ, ಎಮಿರೇಟ್ಸ್ ರಾಯಭಾರ ಕಚೇರಿ ಎಲ್ಲ ಸುತ್ತಿ ಬಂದಾಗ ಅದರ ಬೆನ್ನು ಕಾರಹುಣ್ಣಿಮೆಯ ಎತ್ತಿನ ಮೈಯಂತಾಗಿತ್ತು. ಈಗ ಮಸ್ಕತ್ತಿನ ನೌಕರಿ. ಒಮಾನ್ 2012ರಿಂದ ಅಪೊಸ್ಟಿಲ್ ಎಂಬ ಒಂದೇ ಮುದ್ರೆ ಸಾಕೆನ್ನುವ ಒಪ್ಪಂದದ ದೇಶ. ಹೊಸ ಮುದ್ರೆಗಾಗಿ ಸರ್ಟಿಫಿಕೇಟು ಮತ್ತೆ ದಿಲ್ಲಿಗೆ ಹೋಗಿದೆ. ನಾನಿನ್ನೂ ದಿಲ್ಲಿ ನೋಡಿಲ್ಲ.

ಇತ್ತ ಚಿಕ್ಕೋಡಿಯಲ್ಲಿ ಅವ್ವ ಬ್ಯಾಗಿಗೆ ಶೇಂಗಾ ಚಟ್ನಿ, ಕಟಕ ರೊಟ್ಟಿ, ಅಥಣಿ ಚಪ್ಪಲಿ ತುರುಕುತ್ತಿದ್ದಾಳೆ. ತೂಕ 30 ಕಿಲೋ ದಾಟಿದಾಗ ಹೊರಬಿದ್ದದ್ದು ನನ್ನ ಪುಸ್ತಕಗಳು! ಕಾಗವಾಡದ ಅತ್ತೆಗೆ ನನ್ನ ಮೇಲೆ ಕನಿಕರ. "ಯಾಕಷ್ಟ ಒದ್ದಾಡ್ತೀಯೋ? ನಮ್ಮ ಬಾಜೂಮನಿ ಮಾಸ್ತರ ದಿನಾ ಬುತ್ತಿ ಕಟಗೊಂಡ ಗಡಿ ದಾಟಿ ಮಿರಜಿಗೆ ಹೋಗಿ ಕಲಿಸಿ, ಸಂಜೀಕ ಎಮ್ಮಿ ಹಿಂಡಾಕ ಮನ್ಯಾಗಿರ್ತಾನ."