ಪ್ರಾಸ್ಪೆಕ್ಟಸ್ ಮೇಷ್ಟ್ರು

ಪ್ರತಿ ವಿಶ್ವವಿದ್ಯಾಲಯದಲ್ಲೂ ಇವರು ಒಬ್ಬರು ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ಕನ್ನಡ ವಿಭಾಗದಲ್ಲಿ ಸಿಗುತ್ತಾರೆ. ಅಲ್ಲಿಲ್ಲದಿದ್ದರೆ ಇತಿಹಾಸ ವಿಭಾಗದಲ್ಲಿ ಹುಡುಕಬೇಕು. ಕನ್ನಡಕ ಹಣೆಯ ಮೇಲೆ, ಪೆನ್‌ಡ್ರೈವ್ ಕೊರಳಲ್ಲಿ. ಪಿಯುಸಿ ಫಲಿತಾಂಶ ಬಂದ ಮರುದಿನ ಕುಲಸಚಿವರ ಕಚೇರಿಯಿಂದ ಫೋನ್ ಬರುತ್ತದೆ: “ಮೇಷ್ಟ್ರೇ, ಈ ವರ್ಷದ ಪ್ರಾಸ್ಪೆಕ್ಟಸ್ ಒಂಚೂರು ನೋಡಿಬಿಡಿ.” ಎಲ್ಲ ವಿಭಾಗಗಳ ಎಲ್ಲ ಕೋರ್ಸುಗಳ ವಿವರಣೆಯನ್ನು ಹೊಸದಾಗಿ ಬರೆದು, ತಿದ್ದಿ, ಟೈಪ್ ಮಾಡಿಸಿ, ಪ್ರೆಸ್ಸಿಗೆ ಮುಟ್ಟಿಸುವುದಕ್ಕೆ ಆ ಕಚೇರಿಯವರು ಒಂಚೂರು ನೋಡುವುದು ಎನ್ನುತ್ತಾರೆ. ಮೇಷ್ಟ್ರು ಇಲ್ಲ ಎನ್ನುವುದಿಲ್ಲ. ವ್ಯಾಲ್ಯುಯೇಷನ್ ಡ್ಯೂಟಿಗಿಂತ ಇದು ವಾಸಿ. ಕೂತಲ್ಲಿಗೇ ಕಾಫಿ ಬರುತ್ತದೆ.

ಅವರ ವಿವರಣೆಗಳೆಲ್ಲ ಇಂದಿನ ಜಾಗತೀಕರಣದ ಯುಗದಲ್ಲಿ ಶುರುವಾಗಿ ಸರ್ವತೋಮುಖ ವ್ಯಕ್ತಿತ್ವ ವಿಕಸನದಲ್ಲಿ ಮುಗಿಯುತ್ತವೆ. ನಡುವೆ ಎಲ್ಲೋ ಒಂದು ಸಲ ವಿಷಯದ ಹೆಸರು ಬರುತ್ತದೆ. ಆ ಹೆಸರನ್ನು ಬದಲಿಸಿದರೆ ಪಕ್ಕದ ವಿಭಾಗದ ವಿವರಣೆಯೂ ಸಿದ್ಧ. ಹೀಗೆ ಒಮ್ಮೆ ರಸಾಯನಶಾಸ್ತ್ರವನ್ನು ತೆಗೆದು ರಾಜ್ಯಶಾಸ್ತ್ರವನ್ನು ಕೂರಿಸುವಾಗ ಕೊನೆಯ ಸಾಲು ಹಾಗೇ ಉಳಿದುಬಿಟ್ಟಿತು. “ವಿದ್ಯಾರ್ಥಿಗಳು ತರಗತಿಗೆ ಬರುವಾಗ ಏಪ್ರನ್ ಹಾಗೂ ಸುರಕ್ಷತಾ ಕನ್ನಡಕವನ್ನು ಕಡ್ಡಾಯವಾಗಿ ಧರಿಸತಕ್ಕದ್ದು.” ಮೂರು ವರ್ಷ ಅದು ಹಾಗೇ ಅಚ್ಚಾಯಿತು. ಅಧ್ಯಯನ ಮಂಡಳಿ ಒಪ್ಪಿತು, ಅಕಾಡೆಮಿಕ್ ಕೌನ್ಸಿಲ್ ಅಸ್ತು ಎಂದಿತು, ಸಿಂಡಿಕೇಟ್ ಮೊಹರು ಹಾಕಿತು. ಚುನಾವಣೆಯ ವರ್ಷ ಸೇರಿದ ಹುಡುಗನೊಬ್ಬ ಮಾತ್ರ ಅದನ್ನು ಪೂರ್ತಿ ಓದಿ, “ತಿಳಿದವರೇ ಬರೆದಿದ್ದಾರೆ” ಎಂದನಂತೆ.

ಇಷ್ಟಕ್ಕೆ ಅವರನ್ನು ಸೋಮಾರಿ ಎಂದುಬಿಡುವುದು ಅನ್ಯಾಯ. ಹತ್ತು ವರ್ಷದೊಳಗೆ ಅದೇ ಬಿ.ಎ.ಗೆ ಮೂರು ಸಲ ನಾಮಕರಣ ಮಾಡಬೇಕಾಗಿ ಬಂದ ಪುರೋಹಿತರು ಅವರು. 2015ರಲ್ಲಿ ಯುಜಿಸಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ತನ್ನಿ ಎಂದಿತು; ಅದುವರೆಗೆ ಬರೀ ಪೇಪರ್ ಆಗಿದ್ದದ್ದು ಕೋರ್ ಕೋರ್ಸ್ ಆಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದವರು ನಾವೇ ಎಂದು ಕರ್ನಾಟಕ ಬೀಗಿತು. ಕೋರ್ ಕೋರ್ಸ್ ಹೋಗಿ ಡಿಎಸ್‌ಸಿ, ಡಿಎಸ್‌ಇ, ಎಸ್‌ಇಸಿ, ಎಇಸಿಸಿ ಬಂದವು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಮೇಷ್ಟ್ರು ಬಾಗಿಲು ಬಾಗಿಲಿಗೂ ಬೋರ್ಡು ಬರೆದರು. ಮಸಿ ಆರುವ ಮೊದಲೇ, 2024ರ ಮೇ ತಿಂಗಳಲ್ಲಿ, ನಾಲ್ಕು ವರ್ಷ ಬೇಡ, ಹಿಂದಿನಂತೆ ಮೂರೇ ಇರಲಿ ಎಂದು ಸರ್ಕಾರ ಆದೇಶ ಹೊರಡಿಸಿತು. ಮೇಷ್ಟ್ರು ತಲೆಯೆತ್ತದೆ ಮತ್ತೆ ಬರೆದರು. ಮೂರರಲ್ಲೂ ಪಾಠ ಅದೇ: ಪಂಪ, ರನ್ನ, ವಚನ, ಕುಮಾರವ್ಯಾಸ. ತಾನು ಯಾವಾಗ ಕೋರ್ ಆದೆ, ಯಾವಾಗ ಡಿಎಸ್‌ಸಿ ಆದೆ ಎಂಬುದು ರನ್ನನಿಗೆ ಗೊತ್ತೇ ಆಗಲಿಲ್ಲ.

ಓಪನ್ ಎಲೆಕ್ಟಿವ್ ಎಂಬ ಅಂಕಣದಲ್ಲಿ ಅವರು ಆರು ವಿಷಯ ಪಟ್ಟಿ ಮಾಡಿದ್ದರು. ಐದಕ್ಕೆ ಪಾಠ ಮಾಡುವವರಿಲ್ಲ. ಆರನೆಯದಕ್ಕೆ ಇವರೇ ಮೇಷ್ಟ್ರು. ವಿದ್ಯಾರ್ಥಿಗಳು ಮುಕ್ತ ಮನಸ್ಸಿನಿಂದ ಅದನ್ನೇ ಆಯ್ದುಕೊಳ್ಳುತ್ತಿದ್ದರು.

ಮೇಷ್ಟ್ರ ಮೇಜಿನ ಗಾಜಿನಡಿ ಮೂರು ಚಿತ್ರಗಳಿವೆ: ರಾಘವೇಂದ್ರ ಸ್ವಾಮಿ, ಕುವೆಂಪು, ಬ್ಲೂಮ್‌ನ ಪಿರಮಿಡ್. ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯನ್ನು ಆರು ಮೆಟ್ಟಿಲಾಗಿ ವಿಂಗಡಿಸಿ ಪುಸ್ತಕ ತಂದದ್ದು 1956ರಲ್ಲಿ. ಕನ್ನಡದಲ್ಲಿ ವಿಜ್ಞಾನವನ್ನೂ ಹೇಳಬಹುದು, ಹೇಳಲೇಬೇಕು ಎಂದು ಹಟ ಹಿಡಿದ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದೂ ಅದೇ 1956ರಲ್ಲಿ. ಇಬ್ಬರೂ ಒಂದೇ ಗಾಜಿನಡಿ ಇದ್ದಾರೆ; ಪ್ರಾಸ್ಪೆಕ್ಟಸ್ ಬರೆಯುವಾಗ ಮೇಷ್ಟ್ರು ಬಗ್ಗಿ ನೋಡುವುದು ಬ್ಲೂಮ್‌ನನ್ನು ಮಾತ್ರ. 2001ರಲ್ಲಿ ತಿದ್ದಿದ ಮೆಟ್ಟಿಲುಗಳಲ್ಲಿ ನೆನಪಿಡುವುದು ಎಲ್ಲಕ್ಕಿಂತ ಕೆಳಗೆ, ಸೃಷ್ಟಿಸುವುದು ತುತ್ತತುದಿಗೆ. ಕೆಳಗಿನ ಮೆಟ್ಟಿಲಲ್ಲಿ ನಿಂತರೆ ನಮ್ಮ ವಿಭಾಗಕ್ಕೆ ಏನು ಗೌರವ ಎಂದು ಮೇಷ್ಟ್ರು ಎಲ್ಲರನ್ನೂ ನೇರ ಮೇಲಕ್ಕೇ ಹತ್ತಿಸುತ್ತಾರೆ. ಹಾಗಾಗಿ ಅಲ್ಪಪ್ರಾಣ ಮಹಾಪ್ರಾಣಕ್ಕೆ ತಡವರಿಸುತ್ತಾ ಸೇರಿದ ಹುಡುಗ ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಳಗನ್ನಡ ಕಾವ್ಯವನ್ನು ವಿಶ್ಲೇಷಿಸಿ, ಮೌಲ್ಯಮಾಪನ ಮಾಡಿ, ಹೊಸ ಕಾವ್ಯಮೀಮಾಂಸೆಯನ್ನು ಸೃಷ್ಟಿಸುತ್ತಾನೆ. ಎಲ್ಲ ನಾಲ್ಕು ಕ್ರೆಡಿಟ್ಟಿನಲ್ಲಿ.

ಗುಣಮಟ್ಟ ಅಳೆಯಲು ನ್ಯಾಕ್ ತಂಡ ಬರುತ್ತದೆ ಎಂದಾಗ ಅವರ ಪ್ರತಿಭೆ ಪೂರ್ತಿ ಅರಳುತ್ತದೆ. ಒಂದೊಂದು ಪೇಪರಿನಿಂದ ಆಗುವ ಪ್ರಯೋಜನವನ್ನು ಇಡೀ ಪದವಿಯಿಂದ ಆಗಬೇಕಾದ ಪ್ರಯೋಜನಗಳ ಜತೆ ತಾಳೆ ಹಾಕುವ ಕೋಷ್ಟಕವೊಂದಿದೆ. ನಂಟು ಗಟ್ಟಿಯಾಗಿದ್ದರೆ 3, ಸಾಧಾರಣವಾದರೆ 2, ತೆಳುವಾದರೆ 1, ಇಲ್ಲದಿದ್ದರೆ ಅಡ್ಡಗೆರೆ. ಪದವಿಯ ಪ್ರಯೋಜನಗಳ ಪಟ್ಟಿಯನ್ನು ಮೇಷ್ಟ್ರು ಎಂಜಿನಿಯರಿಂಗ್ ಕಾಲೇಜಿನಲ್ಲಿರುವ ಷಡ್ಡಕನಿಂದ ಕಡ ತಂದರು. ಅಲ್ಲಿ ಹನ್ನೆರಡು ಇದ್ದವು. ಇವರು ಹನ್ನೆರಡನ್ನೂ ಕನ್ನಡ ಬಿ.ಎ.ಗೆ ಇಳಿಸಿಕೊಂಡರು. ಪರಿಸರ ಮತ್ತು ಸುಸ್ಥಿರತೆಯ ಕಾಲಂನಲ್ಲಿ ಪಂಪನಿಗೆ 3. ಬನವಾಸಿಯನ್ನು ಅಷ್ಟು ವರ್ಣಿಸಿದ್ದಾನಲ್ಲ, ಮರಗಿಡ ಬಿಟ್ಟಿರುತ್ತಾನೆಯೆ? ನೀತಿಯ ಕಾಲಂನಲ್ಲಿ ರಾಘವಾಂಕನ ಹರಿಶ್ಚಂದ್ರನಿಗೆ 3 ಕೊಟ್ಟದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ. ಹಣಕಾಸು ನಿರ್ವಹಣೆಯಲ್ಲೂ 3 ಏಕೆಂದು ಕೇಳಿದ್ದಕ್ಕೆ ಮೇಷ್ಟ್ರು ಶಾಂತವಾಗಿ ಹೇಳಿದರು: “ಹೆಂಡತಿ ಮಗನನ್ನ ಮಾರಿ, ತನ್ನನ್ನೂ ಮಾರ್ಕೊಂಡು ಋಣ ತೀರಿಸಿದಾನೆ. ಇನ್ನೇನ್ರೀ ನಿರ್ವಹಣೆ?” ಕೋಷ್ಟಕದಲ್ಲಿ ಒಂದೂ ಅಡ್ಡಗೆರೆ ಉಳಿಯಲಿಲ್ಲ.

ಕಳೆದ ವರ್ಷ ಅವರಿಗೆ ಸಹಾಯಕ್ಕೆಂದು ಒಬ್ಬ ಅತಿಥಿ ಉಪನ್ಯಾಸಕಿಯನ್ನು ಕೊಟ್ಟರು. ಇನ್ನೂ ಸಂಬಳದ ಮುಖ ನೋಡದಿದ್ದ ಆಕೆ ಭಾರಿ ಉತ್ಸಾಹದಿಂದ ಒಂದು ಪುಟ ಬರೆದು ತಂದರು. ಕೋರ್ಸ್ ಎಷ್ಟು ವರ್ಷ, ಪಿಯುಸಿಯಲ್ಲಿ ಏನು ಓದಿದವರು ಸೇರಬಹುದು, ಯಾವ ಸೆಮಿಸ್ಟರಿನಲ್ಲಿ ಏನೇನು ಪಾಠ, ಇಂಟರ್ನಲ್ಸ್‌ಗೆ ಎಷ್ಟು ಅಂಕ, ಮುಗಿಸಿದವರು ಮುಂದೆ ಏನು ಓದಬಹುದು, ಎಲ್ಲ ಅದರಲ್ಲಿತ್ತು. ಓದಿದವರಿಗೆ ಅರ್ಥವಾಗುತ್ತಿತ್ತು. ಮೇಷ್ಟ್ರು ಎರಡು ಸಲ ಓದಿ ಕನ್ನಡಕ ತೆಗೆದರು.

“ಏನಮ್ಮಾ, ಎರಡನೇ ವರ್ಷದಲ್ಲಿ ಜಾನಪದ ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಕರ್ಕೊಂಡು ಹೋಗ್ತೀವಿ ಅಂತ ಬರ್ದಿದೀರಿ?”

“ಹೌದು ಸರ್, ಸಿಲಬಸ್‌ನಲ್ಲೇ ಇದೆಯಲ್ಲ.”

“ಸಿಲಬಸ್‌ನಲ್ಲಿ ಇರುತ್ತೆ. ಬಸ್ ಯಾರು ಕೊಡ್ತಾರೆ? ಕ್ಷೇತ್ರಕಾರ್ಯಾಧಾರಿತ ಅನುಭವಾತ್ಮಕ ಕಲಿಕೆಗೆ ಉತ್ತೇಜನ ನೀಡಲಾಗುವುದು ಅಂತ ಬರೀರಿ. ಉತ್ತೇಜನಕ್ಕೆ ಬಸ್ ಬೇಡ.”

ಆಕೆ ಬರೆದುಕೊಂಡರು. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಮುಂದುವರಿದರು. ‘ಭಾಷಾಂತರ ಕಲಿಸುತ್ತೇವೆ’ ಎಂದಿದ್ದದ್ದು ‘ಭಾಷಾಂತರ ಕೌಶಲ್ಯದ ಅರಿವು ಮೂಡಿಸಲಾಗುವುದು’ ಆಯಿತು. ‘ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತದೆ’ ಎಂದಿದ್ದದ್ದು ‘ಸುಸಜ್ಜಿತ ಗ್ರಂಥಾಲಯ ಸೌಲಭ್ಯವಿರುತ್ತದೆ’ ಆಯಿತು. ಆಕೆಗೆ ತಡೆಯಲಾಗಲಿಲ್ಲ. “ಸರ್, ಹೀಗೆ ಬರೆದರೆ ಮಕ್ಕಳಿಗೆ ಏನು ಗೊತ್ತಾಗುತ್ತೆ?”

“ಗೊತ್ತಾದ್ರೆ ಕೇಳ್ತಾರಮ್ಮಾ,” ಎಂದರು ಮೇಷ್ಟ್ರು. “ಎಂಟು ಗಂಟೆ ಅಂತ ಅಚ್ಚು ಹಾಕ್ಸಿ, ಐದೂವರೆಗೆ ಬಾಗಿಲು ಹಾಕಿದ್ರೆ ನಾಳೆ ಒಬ್ಬ ಆರ್‌ಟಿಐ ಅರ್ಜಿ ಹಿಡ್ಕೊಂಡು ಬರ್ತಾನೆ. ಸುಸಜ್ಜಿತ ಅಂದಿದ್ದಕ್ಕೆ ಯಾವನೂ ಆರ್‌ಟಿಐ ಹಾಕಲ್ಲ.”

ಮೇಷ್ಟ್ರ ವಿದ್ಯೆಯ ಗುಟ್ಟು ಇಷ್ಟೇ. ಅವರಿಗೆ ತಿಳಿಯಾಗಿ ಬರೆಯಲು ಬಾರದು ಎಂದುಕೊಂಡವರೇ ಪೆದ್ದರು. ತಿಳಿಯಾದ ವಾಕ್ಯವೆಂದರೆ ಸಹಿ ಹಾಕಿದ ಪ್ರಾಮಿಸರಿ ನೋಟು. ತೀರಿಸುವ ದುಡ್ಡು ಆಡಳಿತದ ಕೈಯಲ್ಲಿ, ಸಹಿ ಮಾತ್ರ ತಮ್ಮದು ಎಂಬ ಸತ್ಯವನ್ನು ಅವರು ಸೇವೆಯ ಮೊದಲ ವರ್ಷವೇ ಕಂಡುಕೊಂಡಿದ್ದಾರೆ.

ಕೆಂಪು ಪೆನ್ನು ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಮೇಷ್ಟ್ರ ಮೊಬೈಲು ಹೊಡೆದುಕೊಂಡಿತು. ಅಕ್ಕನ ಮಗಳು. ಪಿಯುಸಿ ಪಾಸಾಗಿದ್ದಾಳೆ, “ಮಾವ, ನಿಮ್ಮಲ್ಲಿ ಕನ್ನಡ ಬಿ.ಎ. ತಗೊಳ್ಳಲಾ?” ಎಂದಳು. ಮೇಷ್ಟ್ರು ಕುರ್ಚಿಗೆ ಒರಗಿದರು.

“ತಗೋ ಪುಟ್ಟಿ. ಮೂರೇ ವರ್ಷ. ಕನ್ನಡದ ಜತೆ ಇತಿಹಾಸ ಇಟ್ಕೋ, ಮುಂದೆ ಬಿ.ಎಡ್. ಮಾಡಿ ಟಿಇಟಿ ಬರೀಬಹುದು, ಕೆಪಿಎಸ್‌ಸಿಗೂ ಅನುಕೂಲ. ಹಳಗನ್ನಡ ಮೊದಲ ಆರು ತಿಂಗಳು ಕಬ್ಬಿಣದ ಕಡಲೆ, ಹೆದರ್ಕೋಬೇಡ. ಆಮೇಲೆ ರನ್ನನ್ನ ಬಿಟ್ಟೇಳೋಕೆ ಮನಸ್ಸೇ ಬರಲ್ಲ. ಭಾಷಾಂತರದ ಪೇಪರ್‌ಗೆ ಹೊಸಬರು ಒಬ್ರು ಬಂದಿದಾರೆ, ಬಹಳ ಚೆನ್ನಾಗಿ ಪಾಠ ಮಾಡ್ತಾರೆ, ಒಂದು ಕ್ಲಾಸೂ ತಪ್ಪಿಸ್ಬೇಡ. ಹಾಸ್ಟೆಲ್‌ಗೆ ಅಡ್ಮಿಷನ್ ದಿನಾನೇ ಅರ್ಜಿ ಹಾಕು, ಮಾರನೇ ದಿನಕ್ಕೆ ಸೀಟಿರಲ್ಲ. ಲೈಬ್ರರಿಗೆ ಊಟಕ್ಕೆ ಮುಂಚೆ ಹೋಗು. ಲ್ಯಾಂಗ್ವೇಜ್ ಲ್ಯಾಬ್ ಮಾತ್ರ ನಂಬ್ಕೋಬೇಡ, ಬೀಗದಕೈ ರಿಟೈರ್ ಆದವರ ಮನೇಲಿದೆ.”

ಅತಿಥಿ ಉಪನ್ಯಾಸಕಿ ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದರು. ತಾವು ಚೆನ್ನಾಗಿ ಪಾಠ ಮಾಡುತ್ತೇವೆಂಬುದು ಅವರಿಗೆ ತಿಳಿದದ್ದೂ ಆಗಲೇ. ಫೋನ್ ಇಡುತ್ತಲೇ, “ಸರ್, ಈಗ ಹೇಳಿದ್ರಲ್ಲ, ಅದನ್ನೇ ಹಾಕಿಬಿಡೋಣ. ಇದಕ್ಕಿಂತ ಒಳ್ಳೇ ಪ್ರಾಸ್ಪೆಕ್ಟಸ್ ಇನ್ನೊಂದಿಲ್ಲ” ಎಂದರು.

“ಅದು ಮನೆ ಮಕ್ಕಳಿಗೆ ಹೇಳೋದಮ್ಮಾ,” ಎಂದು ಮೇಷ್ಟ್ರು ಮತ್ತೆ ಪೆನ್ನೆತ್ತಿಕೊಂಡರು. “ಬರ್ಕೊಳ್ಳಿ: ಅತ್ಯಾಧುನಿಕ ಭಾಷಾ ಪ್ರಯೋಗಾಲಯ.”

ಆದ್ದರಿಂದ ಈ ವರ್ಷ ಮಕ್ಕಳನ್ನು ಡಿಗ್ರಿಗೆ ಸೇರಿಸುವವರಿಗೆ ಒಂದು ಸಲಹೆ. ಪ್ರಾಸ್ಪೆಕ್ಟಸ್ಸಿಗೆ ಕೊಡುವ ದುಡ್ಡು ಉಳಿಸಿ, ಮೇಷ್ಟ್ರ ಕಡೆ ಏನಾದರೂ ನೆಂಟಸ್ತಿಕೆ ಹೊರಡುತ್ತದೆಯೇ ನೋಡಿ. ಅತ್ತಿಗೆಯ ತವರಿನ ಕಡೆಯಿಂದಾದರೂ ಅಡ್ಡಿಯಿಲ್ಲ. ಹಾಸ್ಟೆಲಿನ ನಿಜವನ್ನು ಅವರು ದೂರದ ನೆಂಟರಿಗೂ ಹೇಳುತ್ತಾರೆ. ಲ್ಯಾಬಿನ ಬೀಗದಕೈ ವಿಚಾರ ಮಾತ್ರ ಖಾಸಾ ಅಕ್ಕತಂಗಿಯರ ಮಕ್ಕಳಿಗೇ ಮೀಸಲು.