ಪೆನ್‌ಡ್ರೈವ್ ಗ್ರಂಥಸಂಪಾದನೆ: ಬೀರೂರು ಪಾಠ

ಕಡೂರು ಜಿಲ್ಲೆಯ ಶಾಸನಗಳನ್ನು ಒಟ್ಟುಮಾಡಿ ಬಿ. ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 6ನೆಯ ಸಂಪುಟ ತಂದರು. ಹಳೆಯ ಓಲೆಗಳನ್ನು ಹೇಗೆ ಓದಬೇಕು, ಹೇಗೆ ತಿದ್ದಬೇಕು ಎಂದು ಡಿ. ಎಲ್. ನರಸಿಂಹಾಚಾರ್ಯರು ಶಾಸ್ತ್ರವನ್ನೇ ಬರೆದರು. ಮದುವೆ ವಿಡಿಯೊ ಕುರಿತು ಮಾತ್ರ ಇಬ್ಬರೂ ಚಕಾರ ಎತ್ತಿಲ್ಲ. ಕಲ್ಲಾದರೋ ನೆಟ್ಟ ಕಡೆ ನಿಂತಿರುತ್ತದೆ. ಪೆನ್‌ಡ್ರೈವು ಮದುಮಗಳ ಸೋದರಮಾವನ ಜೇಬಿನಲ್ಲಿ ಹುಬ್ಬಳ್ಳಿಗೆ ಹೋಗಿರುತ್ತದೆ. ಆದ್ದರಿಂದ ಈ ಲೋಪವನ್ನು ತುಂಬುವ ಹೊಣೆ ಬೀರೂರಿನ ಎಡಿಟಿಂಗ್ ರೂಮಿನ ಮೇಲೆ ಬಿದ್ದಿದೆ.

ಮೊದಲು ಪ್ರತಿಗಳ ವಿಚಾರ. ಕ್ಯಾಮೆರಾದ ಮೆಮೊರಿ ಕಾರ್ಡು ಮೂಲಪ್ರತಿ. ಮುಂದಿನ ಲಗ್ನದ ಬೆಳಗ್ಗೆ ಫಾರ್ಮ್ಯಾಟ್ ಆಗಿ ಅನುಪಲಬ್ಧವಾಗುವುದು ಅದರ ಲಕ್ಷಣ. ಹಾರ್ಡ್‌ಡಿಸ್ಕಿನದು ಉಪಪ್ರತಿ. ಪೆನ್‌ಡ್ರೈವಿನದು ಬಂಧುಪ್ರತಿ, ಅದರಲ್ಲಿ ಮದುವೆಯ ಜೊತೆಗೆ ಎರಡು ಸಿನಿಮಾ, ಒಂದು ವೈರಸ್ಸು ಪ್ರಕ್ಷಿಪ್ತವಾಗಿ ಸೇರಿರುತ್ತವೆ.

ಇನ್ನು ತ್ರುಟಿತ ಭಾಗ. ಫ್ಯಾಟ್32 ಎಂಬ ಕಟ್ಟಳೆಯ ಪ್ರಕಾರ ಒಂದು ಫೈಲು 429 ಕೋಟಿ 49 ಲಕ್ಷ 67 ಸಾವಿರದ 295 ಬೈಟುಗಳನ್ನು ಮೀರಕೂಡದು. ಸೆಕೆಂಡಿಗೆ 24 ಮೆಗಾಬಿಟ್ ಬರೆಯುವ ಕ್ಯಾಮೆರಾ ಸುಮಾರು 24 ನಿಮಿಷಕ್ಕೆ ಈ ಗಡಿ ಮುಟ್ಟಿ, ಹಳೆಯ ಫೈಲು ಮುಚ್ಚಿ ಹೊಸದನ್ನು ತೆರೆಯುತ್ತದೆ. ಪುರೋಹಿತರ ಪಂಚಾಂಗದಲ್ಲಿ ಇದಕ್ಕೆ ಪರಿಹಾರವಿಲ್ಲ. ‘ಗಟ್ಟಿ’ ಒಂದು ಫೈಲಿನಲ್ಲಿ, ‘ಮೇಳ’ ಇನ್ನೊಂದರಲ್ಲಿ ಉಳಿಯುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಓದಬೇಕೆಂಬ ಟಿಪ್ಪಣಿ ಕಾರ್ಡಿನ ಬೇರೆ ಫೋಲ್ಡರುಗಳಲ್ಲಿ ಇರುತ್ತದೆ. ಆ ಫೋಲ್ಡರುಗಳಲ್ಲಿ ಚಿತ್ರ ಕಾಣುವುದಿಲ್ಲವಾದ್ದರಿಂದ ಸೋದರಮಾವ ಅವನ್ನು ಕಸವೆಂದು ಬಗೆದು, ಎಂಟಿಎಸ್ ಫೈಲುಗಳನ್ನಷ್ಟೇ ಹೆಕ್ಕಿ ತಂದಿರುತ್ತಾನೆ. ಕಾರ್ಡನ್ನು ಇಡಿಯಾಗಿ ನಕಲು ಮಾಡಬೇಕೆಂಬ ಸೂತ್ರ ಹುಟ್ಟಿದ್ದು ಹೀಗೆ. ಅದನ್ನು ಪಾಲಿಸಿದ ಸೋದರಮಾವ ಕಡೂರು, ತರೀಕೆರೆ, ಅಜ್ಜಂಪುರಗಳ ಪೈಕಿ ಎಲ್ಲೂ ದೊರೆತಿಲ್ಲ.

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. ಎಡಿಟಿಂಗ್ ಸಾಫ್ಟ್‌ವೇರಿನ ಒಳಗೆ ಮದುವೆ ಇರುವುದೇ ಇಲ್ಲ. ಇರುವುದು ವಿಳಾಸ ಮಾತ್ರ: ಇಂಥ ಡ್ರೈವು, ಇಂಥ ಫೋಲ್ಡರು, ಇಂಥ ಫೈಲು, ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡು. ಡ್ರೈವುಗಳ ವರ್ಣಮಾಲೆಯಲ್ಲಿ ಎ ಮತ್ತು ಬಿ ಫ್ಲಾಪಿಗಳ ಸ್ಥಾನ. ಆ ಪಿತೃಗಳಿಗೆ ಎಡೆ ಬಿಟ್ಟು, ಗಣನೆ ಸಿ ಇಂದ ಶುರುವಾಗುತ್ತದೆ. ನಿನ್ನೆ ಇ ಎನಿಸಿಕೊಂಡಿದ್ದ ಹಾರ್ಡ್‌ಡಿಸ್ಕು, ಇವತ್ತು ಬೇರೆ ಯಾವುದೋ ಪೆನ್‌ಡ್ರೈವು ಮೊದಲೇ ಬಂದು ಕೂತಿದ್ದರೆ ಎಫ್ ಆಗುತ್ತದೆ. ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಶಿವಮೊಗ್ಗದ ಗಾಡಿ ಮೂರನೆಯದಕ್ಕೆ ಬಂದರೆ ಬೀರೂರು ಜಂಕ್ಷನ್ನಿನಲ್ಲಿ ಜನ ಮೆಟ್ಟಿಲು ಹತ್ತಿ ಆಚೆ ಓಡುತ್ತಾರೆ. ಸಾಫ್ಟ್‌ವೇರು ಓಡುವುದಿಲ್ಲ. ಖಾಲಿ ಹಳಿ ನೋಡುತ್ತ ನಿಂತು, ಗಾಡಿಯೇ ಇಲ್ಲವೆಂದು ಸಾರುತ್ತದೆ.

ಆ ಸಾರಿಕೆಯೇ ‘ಮೀಡಿಯಾ ಆಫ್‌ಲೈನ್’. ದಸರೆಯ ಹೊತ್ತಿಗೆ ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಿದವರಿಗೆ ಈ ಶೈಲಿ ಹೊಸದಲ್ಲ: ನುಡಿ ಚಿಕ್ಕದು, ಅರ್ಥ ಕೇಳಿದವರ ತಲೆಗೆ. ವಿಡಿಯೊ ಅಳಿಸಿಹೋಯಿತೆಂದು ಗಿರಾಕಿ ಅರ್ಥ ಮಾಡಿ ಅಡ್ವಾನ್ಸು ವಾಪಸು ಕೇಳುತ್ತಾನೆ. ಕೇಬಲ್ಲು ಸಡಿಲವೆಂಬುದು ಸಹಾಯಕ ಹುಡುಗನ ವ್ಯಾಖ್ಯಾನ. ‘ಫೈಲ್ ಇಲ್ಲಿದೆ’ ಎಂದು ಎಫ್ ಡ್ರೈವನ್ನು ಬೆರಳಿಟ್ಟು ತೋರಿಸಿದರೆ ಮದುವೆ ಮರಳುತ್ತದೆ. ಡಿಸ್ಕಿಗೆ ಝಡ್ ಎಂಬ ಕೊನೆಯ ಅಕ್ಷರವನ್ನು ಕಾಯಂ ಮಾಡಿಸಿದರೆ ಪೈಪೋಟಿಗೆ ಯಾರೂ ಬರುವುದಿಲ್ಲ. ಆದರೆ ತೋರಿಸುವ ಬೆರಳು ಎಚ್ಚರವಾಗಿರಬೇಕು. ಫಾರ್ಮ್ಯಾಟ್ ಆದ ಕಾರ್ಡು ಎಣಿಕೆಯನ್ನು ಮತ್ತೆ 00000ದಿಂದ ಹಿಡಿಯುವುದುಂಟು. ಹಾಗಾದಾಗ ಪ್ರತಿ ಮದುವೆಯಲ್ಲೂ ಒಂದು 00003.ಎಂಟಿಎಸ್ ಇರುತ್ತದೆ. ತಪ್ಪು ಫೋಲ್ಡರು ತೋರಿಸಿದಿರೋ, ತರೀಕೆರೆಯ ವಧುವಿಗೆ ಅಜ್ಜಂಪುರದ ವರ ತಾಳಿ ಕಟ್ಟುತ್ತಾನೆ. ಹಿನ್ನೆಲೆ ಸಂಗೀತ ಇಬ್ಬರಿಗೂ ಹೊಂದುತ್ತದೆ.

ಪಂಥಗಳು ಎರಡು. ನೇರಪಂಥದವರು ಹೊರಗಿನ ಡ್ರೈವಿನಿಂದಲೇ ಎಡಿಟ್ ಮಾಡುತ್ತಾರೆ. ಯುಎಸ್‌ಬಿ 2.0ರ 480 ಮೆಗಾಬಿಟ್ ವೇಗ ಶಾಸ್ತ್ರೋಕ್ತಿ ಮಾತ್ರ, ಅನುಭವವೇದ್ಯವಲ್ಲ. ಎರಡು ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಓಡಿಸಿದಾಗ ಡಿಸ್ಕಿನ ಸೂಜಿ ಅಲ್ಲಿಗೂ ಇಲ್ಲಿಗೂ ಹಾರಿ ದಣಿದು, ಅರುಂಧತಿ ನಕ್ಷತ್ರ ತೋರಿಸುವ ವರನ ಕೈ ಮೂರು ಕಂತಿನಲ್ಲಿ ಮೇಲೇಳುತ್ತದೆ. ಎಲ್ಲವನ್ನೂ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡೇ ಕೈ ಹಚ್ಚುವವರದು ನಕಲುಪಂಥ. ನನ್ನ ಒಲವು ಈ ಕಡೆ. ಇಳಿಯುವಷ್ಟರಲ್ಲಿ ಎರಡು ಟೀ ಆಗುತ್ತದೆ, ಬಿಲ್ಲು ಗಿರಾಕಿಯದು.

ಉಳಿದದ್ದು ಪ್ರಕಟಣೆ. ಸಿದ್ಧವಾದ ಮದುವೆಯನ್ನು ಗಿರಾಕಿಯ ಪೆನ್‌ಡ್ರೈವಿಗೆ ತುಂಬಬೇಕು. ಅಲ್ಲೂ ಅದೇ ಫ್ಯಾಟ್32, ಅದೇ 429 ಕೋಟಿ. ಆದ್ದರಿಂದ ಕೃತಿಯನ್ನು ಕಾಂಡಗಳಾಗಿ ಒಡೆಯುವುದು. ಆದರೆ ಹೆಸರನ್ನು ಬರೀ ಅಕ್ಷರವಾರು ಓದುವ ಟೀವಿಗೆ 1 ಆದಮೇಲೆ 10, ಅದಾದಮೇಲೆ 2. ಹೀಗಾಗಿ ಹುಡುಗಿ ಕಣ್ಣೀರಿಟ್ಟು ಗಂಡನ ಮನೆಗೆ ಹೊರಟ ಮೇಲೆ ವರಪೂಜೆ ಶುರುವಾಗುತ್ತದೆ. 01, 02 ಎಂದು ಸೊನ್ನೆ ಹಚ್ಚಬೇಕೆಂದು ಈ ಸಂಪಾದಕನ ಮತ. ಅದನ್ನು ಮನೆಮಂದಿಗೆಲ್ಲ ವಿವರಿಸುತ್ತಿದ್ದಾಗ ಹಿರಿಯಜ್ಜಿಯೊಬ್ಬರು ಎತ್ತಿದ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಇನ್ನೂ ಉತ್ತರವಿಲ್ಲ: “ಅದೆಲ್ಲ ಇರ್ಲಿ ಕಣಪ್ಪ, ನಾನಿರೋದು ಯಾವ ನಂಬರಲ್ಲಿ?”