ಉಡಿದಾರವೂ ತೂಕದ ಯಂತ್ರವೂ

ಮಗು ಬೆಳೆಯುತ್ತಿದೆಯೇ ಎಂದು ತಿಳಿಯಲು ಡಾಕ್ಟರಿಗೆ ತಕ್ಕಡಿ ಬೇಕು. ನಮ್ಮ ಅಜ್ಜಿಯರಿಗೆ ಉಡಿದಾರ ಸಾಕು. ದಾರ ಬಿಗಿಯಾಯಿತೋ, ಮಗು ಬೆಳೆದಿದೆ. ಹಾಗಂತ ಬಾಯಿಬಿಟ್ಟು ಹೇಳುವಂತಿಲ್ಲ, ದೃಷ್ಟಿಯಾಗುತ್ತದೆ! "ಕೂಸು ಸೊರಗಿದೆ ಕಣೇ" ಎನ್ನುತ್ತಲೇ ದೊಡ್ಡ ಅಳತೆಯ ಅಂಗಿ ಹೊಲಿಸುತ್ತಾರೆ.

ಈಗಿನ ಅಪ್ಪಂದಿರದು ಗಣಿತಮಾರ್ಗ. ಮಗುವನ್ನೆತ್ತಿಕೊಂಡು ತೂಕದ ಯಂತ್ರ ಹತ್ತುವುದು, ಆಮೇಲೆ ತಾನೊಬ್ಬನೇ ಹತ್ತುವುದು, ಕಳೆಯುವುದು. ಸೂತ್ರ ಸರಿಯೇ. ಆದರೆ ಹಾಲು ಕುಡಿದ ಮೇಲೊಮ್ಮೆ, ಡೈಪರ್ ತುಂಬಿದಾಗೊಮ್ಮೆ ತೂಗಿದರೆ ಮಗು ಬೆಳಗ್ಗೆ ಸೊರಗಿ ಸಂಜೆಗೆ ಕೊಬ್ಬುತ್ತದೆ. ಈ ಲೆಕ್ಕದಲ್ಲಿ ನಿಜಕ್ಕೂ ಬಯಲಾಗುವುದು ಬಾಣಂತಿಯ ಅಂಟಿನುಂಡೆ ಯಾರ ಹೊಟ್ಟೆ ಸೇರಿತೆಂಬುದು!

ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಮರಳುತ್ತದೆ. ಐದಾರು ತಿಂಗಳಿಗೆ ಹುಟ್ಟುತೂಕದ ಇಮ್ಮಡಿ, ವರ್ಷಕ್ಕೆ ಮುಮ್ಮಡಿ, ಹೆಚ್ಚುಕಮ್ಮಿ. ಪಕ್ಕದ ಮನೆಯ ಗುಂಡು ಪಾಪು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ದಯವಿಟ್ಟು ಗಮನಿಸಿ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ, ತಾಯಿ ಕಾರ್ಡಿನಲ್ಲಿ ಚುಕ್ಕಿ ಹಾಕಿಸಿ. ಚುಕ್ಕಿಗಳ ಗೆರೆ ಮೇಲೇರುತ್ತಿದ್ದರೆ ಮನೆಯ ಯಂತ್ರವನ್ನು ಮಂಚದ ಕೆಳಗೆ ತಳ್ಳಿ. ಗೆರೆ ಮಲಗಿತೋ ಇಳಿಯಿತೋ, ಡಾಕ್ಟರ ಬಳಿಗೆ ಹೋಗಿ.